ಚಾವಣಿ ತಟ್ಟುತ್ತಿದ್ದ ಕೊಟ್ರಮ್ಮ ಟೀಚರ್

ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಕೊಟ್ರಮ್ಮ ಟೀಚರ್ ಸೆರಗನ್ನು ತಲೆಗೆ ಸುತ್ತಿಕೊಂಡು, ಉದ್ದನೆಯ ದೋಟಿಯಿಂದ ಮೂರನೇ ತರಗತಿಯ ಚಾವಣಿ ತಟ್ಟುತ್ತಿದ್ದರು. ಸಡಿಲಾದ ಗಾರೆ ದಪ್ಪ ದಪ್ಪ ಹಕ್ಕಳೆಯಾಗಿ ಬೀಳುತ್ತಿತ್ತು. "ಬೀಳಾದು ಬೀಳ್ಲಿ, ಹುಡುಗ್ರು ಬರಾದ್ರೊಳಗೆ ಬೀಳ್ಲಿ" ಎನ್ನುತ್ತಿದ್ದರು. ಆಮೇಲೆ ಗುಡಿಸಿ, ಕನ್ನಡಕ ಒರೆಸಿಕೊಂಡು ಗಂಟೆ ಹೊಡೆಯುತ್ತಿದ್ದರು.

ಹೊನ್ನಾಳಿ ತಾಲೂಕಿನ ಆ ಸರ್ಕಾರಿ ಶಾಲೆಗೆ ಅವರು ಮುಖ್ಯ ಶಿಕ್ಷಕಿ, ಎಂ.ಎ. ಮುಗಿಸಿದ ನಾನು ಅತಿಥಿ ಶಿಕ್ಷಕ. ಆಗಿನ ನನ್ನ ದಿನಚರಿಯಲ್ಲಿ ಈ ದೋಟಿಯ ಸುದ್ದಿಯೇ ಇಲ್ಲ. ದಿನಾ ಕಂಡದ್ದನ್ನು ಬರೆಯಬೇಕೆಂದು ತೋಚಲಿಲ್ಲವೋ, ಒಂದೆರಡು ಸಲ ಕಂಡದ್ದನ್ನೇ ನೆನಪು ದಿನದ ಮಾತಾಗಿಸಿದೆಯೋ, ಹೇಳಲಾರೆ.

ಮೊದಲ ಸಲ ಪರಿಶೀಲನೆಗೆ ಬಂದ ಎಂಜಿನಿಯರ್ ಕತ್ತೆತ್ತಿ ನೋಡಿ ನಕ್ಕಿದ್ದರು. "ಉದುರಾದೆಲ್ಲಾ ಉದುರೈತಲ್ರೀ ಮೇಡಂ, ಇನ್ನೇನೈತೆ ಬೀಳಾಕೆ?" ಆ ವರ್ಷ ನಮಗೆ ಸಿಕ್ಕಿದ್ದು ಗೋಡೆಗೆ ಬಣ್ಣ.

ಮತ್ತೆ ಸುದ್ದಿ ಬಂತು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳ ಶಾಲೆಗಳ ಸುರಕ್ಷತೆಗೆ ಸರ್ಕಾರ ಅನುದಾನ ಕೊಡುತ್ತದೆ, ಅಪಾಯದ ಕೊಠಡಿಗಳಿಗೆ ಮೊದಲ ಸರದಿ. ಶಾಲಾ ಸಮಿತಿ ಅಧ್ಯಕ್ಷ ಬಸಣ್ಣ ಓಡಿ ಬಂದ.

"ಟೀಚರ್, ಎಂಜಿನಿಯರ್ ಸಾಹೇಬ್ರು ನೋಡಾಕೆ ಬರಾತನ ದೋಟಿ ಮುಟ್ಟಬ್ಯಾಡ್ರಿ. ಜೋತಾಡ್ಲಿ ಬಿಡ್ರಿ. ನೋಡಿದ್ರೆ ಎದೆ ಝಲ್ ಅನ್ಬೇಕು."

"ಕೆಳಗೆ ಯಾರ್ನ ಕೂರಿಸ್ಲಿ ಬಸಣ್ಣ? ನಿನ್ ಮೊಮ್ಮಗಳ್ನ ಕಳಿಸ್ತೀಯಾ?"

"ಅವ್ಳು ಕಾನ್ವೆಂಟ್ ಅಲ್ಲೇನ್ರೀ" ಎಂದು ಬಸಣ್ಣ ಹಲ್ಲು ಕಿರಿದ.

ಟೀಚರ್ ಒಪ್ಪಿದರು. ಕೊಠಡಿಗೆ ಬೀಗ ಬಿತ್ತು, ಮೂರನೇ ತರಗತಿ ಜಗಲಿಗೆ ಬಂತು. ಸಾಹೇಬರು ಇವತ್ತು ಬರಲಿಲ್ಲ, ನಾಳೆಯೂ ಬರಲಿಲ್ಲ. ಮಳೆಗಾಲ ಹಿಡಿಯಿತು. ಇರಚಲಿಗೆ ಪುಸ್ತಕ ನೆನೆದವು, ಮಕ್ಕಳು ಕೆಮ್ಮಿಕೊಂಡು ಮನೆಯಲ್ಲೇ ಉಳಿದರು. ಒಂದು ಬೆಳಿಗ್ಗೆ ಟೀಚರ್ ಯಾರಿಗೂ ಹೇಳದೆ ಬೀಗ ತೆಗೆದು, ಜೋತಾಡುತ್ತಿದ್ದುದನ್ನೆಲ್ಲ ಕೆಡವಿ, ಮಕ್ಕಳನ್ನು ಒಳಗೆ ಕೂರಿಸಿದರು.

ಬಸಣ್ಣ ಕೂಗಾಡಿದ. "ಬರಾ ದುಡ್ಡನ್ನ ಕೈಯಾರೆ ಕೆಡವಿದ್ರಲ್ಲ!"

"ಹೂನಪ್ಪ, ಕೆಡವ್ದೆ" ಎಂದರು, ತೀರಾ ದಣಿದ ದನಿಯಲ್ಲಿ.

ಸಾಹೇಬರು ಅದೇ ವಾರ ಬಂದರು. ಬೇಲಿ ಬದಿಯ ಗಾರೆ ಗುಡ್ಡೆಯನ್ನು ಟೀಚರ್ ತೋರಿಸಿದರು. "ಇದು ಇಲ್ಲೀದೇ ಅಂತ ಹೆಂಗೆ ಬರಿಯಾದ್ರೀ?" ಎಂದು ಸಾಹೇಬರು ಜೀಪು ಹತ್ತಿದರು. ಅನುದಾನ ಬೇರೆ ಶಾಲೆಗೆ ಹೋಯಿತು. ಮುಂದಿನ ಬೇಸಿಗೆಯಲ್ಲಿ ಟೀಚರ್ ನಿವೃತ್ತರಾಗಿ ಜಗಳೂರಿಗೆ ಹೋದರು.

ಮತ್ತೆ ಸಿಕ್ಕಿದ್ದು ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ. ಯಾರದೋ ಮದುವೆಗೆ ಬಂದಿದ್ದರು. ಸಂತೋಷಪಡುತ್ತಾರೆಂದು ನಾನೇ ಮೊದಲು ಹೇಳಿದೆ: "ನಮ್ಮ ಶಾಲೆಗೂ ದುಡ್ಡು ಮಂಜೂರಾಯ್ತು ಟೀಚರ್. ಹೊಸ ಕೊಠಡಿ ಕಟ್ತಾರೆ."

ಅವರು ನನ್ನನ್ನೇ ನೋಡಿದರು.

"ಯಾರ ಮೇಲೆ ಬಿತ್ತು?"

"ಮೂರನೇ ತರಗತಿ ಹುಡುಗಿ. ಕೈ ಮುರಿದಿತ್ತು. ಈಗ ಕೂಡಿದೆ ಅಂತಾರೆ."

"ಬರಿಯೋ ಕೈನಾ?"

ನಾನು ಹೌದೆಂದು ತಲೆಯಾಡಿಸಿದೆ. ಜಗಳೂರಿಗೆ ಮರಳಲು ಅವರು ಕಾಯುತ್ತಿದ್ದ ದಾವಣಗೆರೆ ಬಸ್ಸು ಬಂದು ನಿಂತಿತು. ಅವರು ಹತ್ತಲಿಲ್ಲ.