ಚಿಕ್ಕಪ್ಪ ಮಾತಾಡಿದ ನಾಟಕ

ಇಲ್ಲ, ಆ ಸಂಜೆ ಚಿಕ್ಕಪ್ಪ ನಮ್ಮ ಜೊತೆ ಕೂತಿರಲಿಲ್ಲವೇನೋ. ಅವನನ್ನು ನಾನೇ ಆಮೇಲೆ ನೆನಪಿನೊಳಗೆ ತಂದು ಕೂರಿಸಿಕೊಂಡಿರಬೇಕು. ನಂಬಬಹುದಾದದ್ದು ವಾಸನೆಯೊಂದೇ: ಪೂರಿಗಾಲಿಯ ನಮ್ಮ ಮನೆಯ ಟೀವಿ ಕಾದಾಗ ಅದರ ಬೆನ್ನಿನಿಂದ ಬರುತ್ತಿದ್ದ ಬಿಸಿ ಧೂಳಿನ ವಾಸನೆ, ಜೊತೆಗೆ ಕೊಟ್ಟಿಗೆಯ ಹಸಿಹುಲ್ಲಿನದು. ನಡುಮನೆಯ ತುಂಬ ಜನ, ಕಿಟಕಿಯಾಚೆಯೂ ತಲೆಗಳು. ಬೆಂಗಳೂರಿನ ಸ್ಟುಡಿಯೋದಲ್ಲಿ ತೆಗೆದ ನಾಟಕವೊಂದರಲ್ಲಿ ಚಿಕ್ಕಪ್ಪ ಎತ್ತು ಕೊಳ್ಳಲು ಬಂದವನಾಗಿ ಕಾಣಿಸಿಕೊಂಡು, ನಾಲ್ಕು ಮಾತಾಡಿ ಎದ್ದು ಹೋದ. “ಮನೇಲಿ ಕರುದ್ರೆ ಊಂ ಅನ್ನಕಿಲ್ಲ, ಅಲ್ನೋಡ್ಲಾ ಎಂಗ್ ಮಾತಾಡ್ತಾವ್ನೆ” ಎಂದಳು ಅಜ್ಜಿ. ಎಲ್ಲರೂ ನಕ್ಕರು. ಅದು ಅಂದೇ ಆಡಿದ ಮಾತೋ, ಆಮೇಲೆ ಹೇಳಿ ಹೇಳಿ ಅಂದಿನದಾಯಿತೋ.

ಅದಾದ ಸ್ವಲ್ಪ ಕಾಲಕ್ಕೆ ಚಿಕ್ಕಪ್ಪ ಜ್ವರ ಬಂದು ತೀರಿಕೊಂಡ. ಮಗಳು ಸವಿತಾ ಆಗ ಅಂಬೆಗಾಲಿಡುತ್ತಿದ್ದಳು. ಅಜ್ಜಿ ಹೋದಳು, ಚಿಕ್ಕಮ್ಮನೂ ಹೋದಳು. ಮನೆ ಕೊಂಡವರು ಅದನ್ನು ಕೆಡವಿ ಬೇರೆ ಕಟ್ಟಿಕೊಂಡರು. ಅವನ ದನಿ ಕೇಳಿದವರಲ್ಲಿ ಆ ಮನೆಯ ಕಡೆಯಿಂದ ಉಳಿದಿರುವವನು ನಾನೊಬ್ಬ. ಮುಖ ಉಳಿದು ದನಿ ಕಳೆದುಹೋದವರು ನಿಮ್ಮ ಮನೆಯಲ್ಲೂ ಇದ್ದಾರು.

ಮೊನ್ನೆ ಯಾರೋ ಹಳೆಯ ಕ್ಯಾಸೆಟ್ಟುಗಳಲ್ಲಿದ್ದ ನಾಟಕಗಳನ್ನು ಅಂತರ್ಜಾಲಕ್ಕೆ ಹಾಕಿದರು. ಅವುಗಳಲ್ಲಿ ಇದೂ ಇತ್ತು. ಸವಿತಾ ನನ್ನನ್ನು ಗುತ್ತಲಿನ ತನ್ನ ಮನೆಗೆ ಕರೆಸಿ ಮೊಬೈಲು ಮುಂದಿಟ್ಟಳು. “ಮೊಕ ಫೋಟೊದಲ್ಲಿ ನೋಡಿದ್ದೀನಿ ಕಣಣ್ಣ. ದನಿ ಕೇಳಿಲ್ಲ. ನೀನ್ ಕೇಳ್ಬುಟ್ಟು ಹೇಳು, ಅಪ್ಪಂದೇನಾ ಅಂತ.”

ಪರದೆಯ ಮೇಲೆ ಚಿಕ್ಕಪ್ಪ ಬಂದ, ನಾನು ನೆನಪಿನಲ್ಲಿ ಇಟ್ಟುಕೊಂಡಿದ್ದಕ್ಕಿಂತ ತೆಳ್ಳಗೆ. ಬಾಯಿ ತೆರೆದರೆ ಒಂದೊಂದು ಅಕ್ಷರವೂ ತೊಳೆದಿಟ್ಟಂತೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುತ್ತಿರಲಿಲ್ಲ. ಯಾರಾದರೂ ತಿದ್ದಿ ಕಲಿಸಿದ್ದರೇ? ಅಥವಾ ಸ್ಟುಡಿಯೋದವರು ಬೇರೆಯವರ ದನಿ ಕೂರಿಸಿದ್ದರೇ? ಸವಿತಾ ಮತ್ತೆ ಮತ್ತೆ ಹಾಕಿದಳು. ಪ್ರತಿ ಸಲ ಕೇಳಿದಾಗಲೂ ನನ್ನ ಕಿವಿಯಲ್ಲಿ ಉಳಿದಿದ್ದ ಅಷ್ಟಿಷ್ಟು ದನಿಯೂ ಸವೆದು, ಆ ಜಾಗಕ್ಕೆ ಇದೇ ಬಂದು ಕೂರುತ್ತಿತ್ತು.

“ಬಾಯಿ ಬುಡಣ್ಣ.”

“ಗೊತ್ತಾಯ್ತಿಲ್ಲ ಕಣಮ್ಮ.”

“ಇನ್ನೇನ್ ಗೊತ್ತು ನಿಂಗೆ?”

ಅಷ್ಟರಲ್ಲಿ ಪರದೆಯ ಮೇಲಿನ ಮನುಷ್ಯ ಹೆಗಲ ಟವೆಲು ತೆಗೆದು, ಚೊಕ್ಕಟವಾಗಿಯೇ ಇದ್ದ ಜಗುಲಿಯನ್ನು ಎರಡು ಸಲ ಕೊಡವಿ ಕೂತ.

“ಅದು ಅವ್ನೇ” ಎಂದೆ. “ಬಸ್ಸಲ್ಲೂ ಸೀಟು ಕೊಡವ್ದೆ ಕೂರ್ತಿರಲಿಲ್ಲ.”

ಸವಿತಾ ಸೌಂಡು ಪೂರಾ ಕಮ್ಮಿ ಮಾಡಿ, ಅವನು ಒಳಗೆ ಬರುವಲ್ಲಿಂದ ಮತ್ತೆ ಹಾಕಿದಳು. ಇಬ್ಬರೂ ನೋಡಿದೆವು. ಚಿಕ್ಕಪ್ಪನ ದನಿ ಹೇಗಿತ್ತೋ ನನಗೆ ಗೊತ್ತಿಲ್ಲ.