ಕಿಟಕಿ ಅಕ್ಕ ಕೊಟ್ಟ ಉತ್ತರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾವಲುಗಾರ ಕೋರ್ಟಿನ ಗೇಟಿನ ಸರಪಳಿ ಬಿಚ್ಚುವಷ್ಟರಲ್ಲಿ ಮೆಟ್ಟಿಲುಗಳ ಮೇಲೆ ಆಗಲೇ ಏಳೆಂಟು ಮಂದಿ ಮುದುಡಿ ಕೂತಿದ್ದಾರೆ. ಮೊದಲ ಬಸ್ಸಿಗೆ ಬಂದವರು. ಕೋರ್ಟು ಶುರುವಾಗಲು ಬಹಳ ಹೊತ್ತಿದೆ ಎಂಬುದು ಅವರಿಗೂ ಗೊತ್ತು. ಅವರು ಬಂದಿರುವುದು ನ್ಯಾಯಾಧೀಶರನ್ನು ನೋಡಲಿಕ್ಕಲ್ಲ, ಕಿಟಕಿ ಅಕ್ಕನನ್ನು ನೋಡಲಿಕ್ಕೆ.

ಹೆಗಲಿಗೊಂದು ಚೀಲ, ಕೈಯಲ್ಲಿ ಚಹಾದ ಫ್ಲಾಸ್ಕು ಹಿಡಿದು ಆಕೆ ಬರುತ್ತಾರೆ. ಒಳಗೆ ಹೋಗುವುದಿಲ್ಲ. ಅಲ್ಲೇ ಮೆಟ್ಟಿಲ ಮೇಲೆ, ಜನರ ನಡುವೆ ಜಾಗ ಮಾಡಿಕೊಂಡು ಕೂರುತ್ತಾರೆ. ಪಕ್ಕದಲ್ಲಿದ್ದ ಹೆಂಗಸು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ರಾತ್ರಿಯೆಲ್ಲ ಅತ್ತು ಕಣ್ಣು ಊದಿಸಿಕೊಂಡಿದ್ದಾಳೆ.

“ಅಕ್ಕಾ, ಮನೆ ಓನರ್ ನಿನ್ನೆ ಬೀಗ ಹಾಕ್ಬಿಟ್ಟ. ಪಾತ್ರೆ, ಬಟ್ಟೆ ಎಲ್ಲಾ ಒಳಗೇ ಇದೆ. ಅವನು ಹಾಗೆ ಮಾಡಬಹುದಾ?”

“ನಿಮಗೀಗ ಏನಾಗ್ಬೇಕು? ಆ ಮನೇಲೇ ಇರ್ಬೇಕಾ, ಸಾಮಾನು ಸಿಕ್ಕಿದ್ರೆ ಸಾಕಾ?”

ಹೆಂಗಸು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. ಇದನ್ನು ಯಾರೂ ಅವಳನ್ನು ಕೇಳಿದಂತಿಲ್ಲ. “ಸಾಮಾನು ಸಿಕ್ಕಿದ್ರೆ ಸಾಕು. ಅವನ ಮುಖ ನೋಡೋಕೂ ಮನಸ್ಸಿಲ್ಲ.”

“ಹಾಗಾದ್ರೆ ಕೇಳಿ. ಬಾಡಿಗೆ ಬಾಕಿ ಇದ್ರೂ ಅವನಾಗಿ ಬೀಗ ಹಾಕೋ ಹಾಗಿಲ್ಲ, ಕೋರ್ಟು ಹೇಳ್ಬೇಕು. ಆದ್ರೆ ನೀವೂ ಬೀಗ ಒಡೀಬೇಡಿ. ಒಡೆದ್ರೆ ತಪ್ಪು ನಿಮ್ಮ ಕೊರಳಿಗೇ ಸುತ್ತಿಕೊಳ್ಳುತ್ತೆ. ಮೊದಲು ಠಾಣೆಗೆ ಹೋಗಿ, ಸಾಮಾನು ತೆಗೆಸಿಕೊಡಿ ಅಂತ ಕೇಳಿ. ಅವರು ಕೈ ಎತ್ತಿದ್ರೆ ನನ್ನ ಹತ್ರ ವಾಪಸ್ ಬನ್ನಿ.”

ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಅವಳ ಕೈಗೆ ಕೊಡುತ್ತಾರೆ. ಆಮೇಲೆ ಮುಂದಿನವರತ್ತ ತಿರುಗುತ್ತಾರೆ.

ಹೊತ್ತೇರಿದ ಮೇಲೆ ಅವರ ಜಾಗ ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯ ಕಿಟಕಿ. ಮೇಲೆ ಬಣ್ಣ ಮಾಸಿದ ಹಲಗೆ: ‘ಉಚಿತ ಕಾನೂನು ಸಲಹೆ’. ಒಳಗೆ ಒಂದು ಮೇಜು, ಎರಡು ಕುರ್ಚಿ, ತಿರುಗುವಾಗ ನರಳುವ ಒಂದು ಫ್ಯಾನು. ಯಾರಾದರೂ ಮಹಡಿ ಹತ್ತಿದರೆ ನೆತ್ತಿಯ ಮೇಲೆಯೇ ಹೆಜ್ಜೆಯ ಸದ್ದು. ಆಕೆ ಇಲ್ಲಿಗೆ ಬಂದ ಹೊಸದರಲ್ಲಿ ಕಿಟಕಿಗೆ ಗಾಜಿತ್ತಂತೆ, ಗಾಜಿನಲ್ಲಿ ಅಂಗೈಯಗಲದ ತೂತು. ಜನ ಬಗ್ಗಿ ಆ ತೂತಿಗೆ ಬಾಯಿ ಇಟ್ಟು ಮಾತಾಡಬೇಕಿತ್ತು, ಒಳಗೆ ಕೇಳದಿದ್ದರೆ ಕೂಗಬೇಕಿತ್ತು.

“ಒಬ್ಬಳು, ‘ನನ್ನ ಗಂಡ ಹೊಡೀತಾನೆ’ ಅಂದ್ಲು. ನಂಗೆ ಕೇಳಿಸ್ಲಿಲ್ಲ. ‘ಏನು?’ ಅಂದೆ. ಜೋರಾಗಿ ಹೇಳಿದ್ಲು. ಸಾಲಲ್ಲಿ ನಿಂತವರೆಲ್ಲ ತಿರುಗಿ ನೋಡಿದ್ರು. ಅವಳು ಉತ್ತರ ಕೇಳೋಕೂ ನಿಲ್ಲದೆ ಹೊರಟುಹೋದ್ಲು. ಮತ್ತೆ ಬರಲೇ ಇಲ್ಲ.” ಮರುದಿನವೇ ಅಕ್ಕ ಬಡಗಿಯನ್ನು ಕರೆಸಿ ಗಾಜು ತೆಗೆಸಿದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹೊರಗೆ ಒಂದು ಸ್ಟೂಲು ಹಾಕಿಸಿದರು. ಸಾಲು ದೂರದ ಕಂಬದ ಬಳಿಯಿಂದ ಶುರುವಾಗಬೇಕೆಂದು ಕಟ್ಟುನಿಟ್ಟು ಮಾಡಿದರು. ಇವತ್ತಿಗೂ ಯಾರಾದರೂ ಕಂಬ ದಾಟಿದರೆ ಅವರ ಹುಬ್ಬು ಮೇಲೇರುತ್ತದೆ.

ದಿನಕ್ಕೆ ಐವತ್ತು ಅರವತ್ತು ಮಂದಿ ಬರುತ್ತಾರೆ, ಸೋಮವಾರ ಇನ್ನೂ ಹೆಚ್ಚು. “ಭಾನುವಾರ ಎಲ್ಲರೂ ಮನೇಲಿರ್ತಾರಲ್ಲ, ಜಗಳ ಹುಟ್ಟೋದು ಅವತ್ತೇ” ಎಂದು ನಗುತ್ತಾರೆ. ಖಾಲಿ ಕಾಗದದ ಮೇಲೆ ಸಹಿ ಹಾಕಿಕೊಟ್ಟು ಬಂದವರು, ಒರಿಜಿನಲ್ ಅಂಕಪಟ್ಟಿಯನ್ನು ಕೆಲಸ ಕೊಟ್ಟ ಮಾಲೀಕ ವಾಪಸ್ ಕೊಡದೆ ಸತಾಯಿಸುತ್ತಿದ್ದಾನೆ ಎನ್ನುವ ಹುಡುಗಿಯರು, ಪಕ್ಕದ ಮನೆ ಮರದ ಕೊಂಬೆ ನಮ್ಮ ಕಡೆ ಬಾಗಿದೆ, ಹಣ್ಣು ಯಾರದ್ದು ಎಂದು ಕೇಳುವವರು. ಅಕ್ಕನ ಬಗ್ಗೆ ಬರೆಯಲೆಂದು ಹೋಗಿ ನಾನು ಅಲ್ಲಿ ಕೂತಿದ್ದಾಗಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹಿರಿಯರೊಬ್ಬರು ಬಂದು, ಅಣ್ಣ ತಮ್ಮ ಮಾತು ಬಿಟ್ಟರೆ ಅದಕ್ಕೇನಾದರೂ ಸೆಕ್ಷನ್ ಇದೆಯೇ ಎಂದು ಬಹಳ ಗಂಭೀರವಾಗಿ ಕೇಳಿದರು.

“ಇಲ್ಲ ಯಜಮಾನ್ರೇ. ಮಾತಾಡು ಅಂತ ಯಾರಿಗೂ ಆರ್ಡರ್ ಮಾಡೋಕಾಗಲ್ಲ.”

“ಹಾಗಾದ್ರೆ ಯಾಕಮ್ಮಾ ಇಷ್ಟು ದೊಡ್ಡ ಬಿಲ್ಡಿಂಗ್ ಕಟ್ಟಿದ್ದಾರೆ?”

ಅವರು ಹೋದ ಮೇಲೂ ಅಕ್ಕ ನಗಲಿಲ್ಲ. “ನನ್ನ ಕೆಲಸದಲ್ಲಿ ಅರ್ಧ ‘ಇಲ್ಲ’ ಅನ್ನೋದೇ. ಜನ ಆಸೆ ಇಟ್ಕೊಂಡು ಬಂದಿರ್ತಾರೆ. ಅವರ ಮುಖ ನೋಡ್ಕೊಂಡು ಇಲ್ಲ ಅನ್ಬೇಕು. ಸುಳ್ಳು ಹೇಳಿ ಕಳಿಸಿದ್ರೆ ಇವತ್ತು ಖುಷಿಯಾಗಿ ಹೋಗ್ತಾರೆ, ಆಮೇಲೆ ವರ್ಷಗಟ್ಟಲೆ ಈ ಮೆಟ್ಟಿಲು ಸವೆಸ್ತಾರೆ.”

ಆಕೆಯೂ ಕರಿಕೋಟು ಹಾಕಿ ವಾದಿಸಿದವರೇ. ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬಳೇ ತಂಗಿ ಹೆರಿಗೆಯಾದ ಕೆಲವೇ ವಾರಗಳಲ್ಲಿ ಜ್ವರ ಬಂದು ತೀರಿಕೊಂಡಳು. ತಂಗಿಯ ಗಂಡ ಲಾರಿ ಡ್ರೈವರು. ಮಗುವನ್ನು ತಂದು ಈಕೆಯ ಮಡಿಲಿಗೆ ಹಾಕಿ, “ಅಕ್ಕಾ, ಇದರ ಮುಖ ನೋಡಿದ್ರೆ ಅವಳೇ ಕಾಣ್ತಾಳೆ, ನನ್ನ ಕೈಲಾಗಲ್ಲ” ಎಂದು ಹೇಳಿ ಹೊರಟರು. ಆಕೆಗೆ ಮದುವೆಯ ಮಾತುಗಳು ಬಂದಿದ್ದವು. ಮಗುವಿದೆ ಎಂದೊಡನೆ ಒಂದೊಂದಾಗಿ ನಿಂತುಹೋದವು. ವಾದ ಮಾಡುವ ವಕೀಲರಿಗೆ ಸಂಜೆಯೆನ್ನುವುದು ಇರುವುದಿಲ್ಲ, ಮಗುವಿಗೆ ಸಂಜೆ ಬೇಕು. ಹಾಗಾಗಿ ಹೊತ್ತಿಗೆ ಸರಿಯಾಗಿ ಮುಚ್ಚುವ ಈ ಕಿಟಕಿಯ ಕೆಲಸ ಹಿಡಿದರು. ಆಗಿನ್ನೂ ಬೆಳಗಿನ ಜಾವದ ಮೆಟ್ಟಿಲ ಸಲಹೆ ಶುರುವಾಗಿರಲಿಲ್ಲ. ಬೆಳಗ್ಗೆ ಹುಡುಗಿಗೆ ಜಡೆ ಹಾಕಬೇಕಿತ್ತು.

ಹುಡುಗಿ ದೊಡ್ಡಮ್ಮ ಎನ್ನುತ್ತಿದ್ದಳು. ನಿದ್ದೆಗಣ್ಣಲ್ಲಿ, ಜ್ವರ ಬಂದಾಗ, ಅಮ್ಮ ಎನ್ನುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಈ ಕೋಣೆಗೇ ಬಂದು ಮೇಜಿನ ಕೆಳಗೆ ಕೂತು ಲೆಕ್ಕ ಮಾಡುತ್ತಿದ್ದಳಂತೆ. ಅಪ್ಪ ಕೆಲವು ತಿಂಗಳಿಗೊಮ್ಮೆ ಬರುತ್ತಿದ್ದರು. ತರುವ ಚಪ್ಪಲಿ ಯಾವಾಗಲೂ ಚಿಕ್ಕದಾಗುತ್ತಿತ್ತು. ಮಗು ಬೆಳೆದದ್ದು ಅವರ ಅಂದಾಜಿಗೆ ಸಿಗುತ್ತಿರಲಿಲ್ಲ.

ಹುಡುಗಿ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಆತ ಮನೆಗೆ ಬರದೆ ಕೋರ್ಟಿಗೆ ಬಂದರು. ಎಲ್ಲರಂತೆ ಕಂಬದ ಬಳಿ ಸಾಲಿನಲ್ಲಿ ನಿಂತರು. ಅಕ್ಕ ನೋಡಿದರು. ಮಗುವಿಗೆ ಏನೋ ಕೊಟ್ಟು ಹೋಗಲು ಬಂದಿರಬೇಕು ಎಂದುಕೊಂಡರು. ಸರದಿ ಬಂದಾಗ ಆತ ಸ್ಟೂಲಿನ ಮೇಲೆ ಕೂತರು.

“ಅಕ್ಕಾ, ಒಂದು ಪ್ರಶ್ನೆ ಕೇಳ್ಬೇಕಿತ್ತು. ತಾಯಿ ಇಲ್ಲದ ಮಗು ತಂದೆ ಹತ್ರ ಇರ್ಬೇಕಾ, ದೊಡ್ಡಮ್ಮನ ಹತ್ರ ಇರ್ಬೇಕಾ? ಕಾನೂನು ಏನು ಹೇಳುತ್ತೆ?”

ಅಕ್ಕ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಇದನ್ನ ಮನೆಗೆ ಬಂದು ಕೇಳ್ಬಾರದಿತ್ತಾ?”

“ಮನೇಲಿ ಕೇಳಿದ್ರೆ ನೀವು ಅಳ್ತೀರಿ, ನಾನೂ ಅಳ್ತೀನಿ. ಮಾತು ಅಲ್ಲಿಗೇ ನಿಲ್ಲುತ್ತೆ. ಈ ಕಿಟಕೀಲಾದ್ರೆ ನೀವು ನಿಜ ಹೇಳ್ತೀರಿ ಅಂತ ಎಲ್ಲರೂ ಅಂತಾರೆ.”

ಆತ ಮತ್ತೆ ಮದುವೆಯಾಗಿದ್ದರು. ಲಾರಿ ಬಿಟ್ಟು, ಒಂದೇ ಊರಲ್ಲಿ ನೆಲೆ ನಿಂತಿದ್ದರು. ಮಗಳನ್ನು ಕರೆದುಕೊಂಡು ಬನ್ನಿ ಎಂದು ದಿನಾ ಒತ್ತಾಯಿಸುತ್ತಿದ್ದದ್ದು ಹೊಸ ಹೆಂಡತಿಯೇ. ಅಕ್ಕ ಎಲ್ಲರನ್ನೂ ಕೇಳುವುದನ್ನೇ ಆತನನ್ನೂ ಕೇಳಿದರು, ನಿಮಗೆ ಏನಾಗಬೇಕು ಎಂದು.

“ಮಗಳು ಬೇಕು.”

ಅಕ್ಕ ಹೇಳಿದರು. ಮೊದಲ ಹಕ್ಕು ತಂದೆಯದು. ಆದರೆ ಕೋರ್ಟು ಬರೀ ಹಕ್ಕು ನೋಡುವುದಿಲ್ಲ, ಮಗುವಿಗೆ ಎಲ್ಲಿ ಒಳ್ಳೆಯದು ಎಂದು ನೋಡುತ್ತದೆ. ಹುಟ್ಟಿದಾಗಿನಿಂದ ಸಾಕಿದ ದೊಡ್ಡಮ್ಮ ಎದುರು ನಿಂತರೆ ಕೇಸು ವರ್ಷಗಟ್ಟಲೆ ನಡೆಯಬಹುದು, ದೊಡ್ಡಮ್ಮ ಗೆಲ್ಲಲೂಬಹುದು. ನಡುವೆ ಯಾವತ್ತೋ ಒಂದು ದಿನ ನ್ಯಾಯಾಧೀಶರು ಮಗುವನ್ನು ತಮ್ಮ ಕೋಣೆಯೊಳಗೆ ಕರೆದು, ಯಾರು ಬೇಕು ಎಂದು ಕೇಳುತ್ತಾರೆ. ತನಗೆ ಅನುಕೂಲವಾದದ್ದನ್ನೂ ಹೇಳಿದರು, ಆತನಿಗೆ ಅನುಕೂಲವಾದದ್ದನ್ನೂ ಹೇಳಿದರು. ಏನನ್ನೂ ಬಚ್ಚಿಡಲಿಲ್ಲ.

“ನೀವು ಎದುರು ನಿಲ್ತೀರಾ ಅಕ್ಕಾ?”

“ಅದು ಕಾನೂನಿನ ಪ್ರಶ್ನೆ ಅಲ್ಲ. ಅದಕ್ಕೆ ನಾಳೆ ಮನೆಗೆ ಬನ್ನಿ.”

ಆ ಸಂಜೆ, ಹಿಂದೆ ಕೆಲಸ ಕಲಿಸಿದ್ದ ಹಿರಿಯ ವಕೀಲರು ವಿಷಯ ತಿಳಿದು ಕಿಟಕಿಯ ಬಳಿ ಬಂದರು. “ಕೇಸು ನಾನು ನಡೆಸ್ತೀನಿ. ಗೆದ್ದೇ ಗೆಲ್ತೀವಿ. ನೀನು ಹೂಂ ಅನ್ನು, ಸಾಕು” ಎಂದರು. ಅಕ್ಕ ಹೂಂ ಎನ್ನಲಿಲ್ಲ. ಅವರ ಕಣ್ಣ ಮುಂದೆ ಇದ್ದದ್ದು ಮಹಡಿಯ ಮೇಲಿನ ಕಾರಿಡಾರು. ಈ ಬದಿಯ ಗೋಡೆಗೊರಗಿ ಅಪ್ಪನ ಕಡೆಯವರು, ಆ ಬದಿಯ ಗೋಡೆಗೊರಗಿ ಅಮ್ಮನ ಕಡೆಯವರು, ನಡುವೆ ಹೊಸ ಬಟ್ಟೆ ತೊಟ್ಟು, ಯಾರ ಕಡೆ ನೋಡಿದರೆ ಯಾರಿಗೆ ನೋವಾಗುತ್ತದೋ ಎಂದು ನೆಲ ನೋಡುತ್ತಾ ನಿಂತ ಮಕ್ಕಳು. “ಅಂಥ ಎಷ್ಟು ಮಕ್ಕಳನ್ನ ನೋಡಿದ್ದೀನೋ. ಅವರಿಗೆ ಆಮೇಲೆ ಯಾರ ಮೇಲೂ ಪ್ರೀತಿ ಇರಲ್ಲ, ಬರೀ ಭಯ ಇರುತ್ತೆ. ನನ್ನ ಮಗು ಆ ಮೆಟ್ಟಿಲು ಹತ್ತೋದು ಬೇಡ ಅನ್ನಿಸ್ತು.”

ಬೇಸಿಗೆ ರಜೆಯಲ್ಲಿ ಹುಡುಗಿಯನ್ನು ಅಪ್ಪನ ಜೊತೆ ಕಳಿಸಿಕೊಟ್ಟರು. ಪುಸ್ತಕ, ಬಟ್ಟೆ, ಮಲಗುವಾಗ ಬೇಕೇ ಬೇಕಾದ ಹಳೇ ಹೊದಿಕೆ, ಎಲ್ಲವನ್ನೂ ಒಂದು ಟ್ರಂಕಿಗೆ ತುಂಬಿದರು. ಹೊಸ ತಾಯಿಗೆ ಮಗುವಿನ ಊಟ, ಔಷಧಿ, ಹಟ, ಎಲ್ಲವನ್ನೂ ಹೇಳಿಕೊಟ್ಟರು. ಆಕೆ ತಲೆಯಾಡಿಸುತ್ತಾ, ಒಂದೊಂದು ಮಾತನ್ನೂ ತಿರುಗಿ ಹೇಳಿ ನೆನಪಿಟ್ಟುಕೊಂಡಳಂತೆ. “ಒಳ್ಳೆಯವಳು. ಕೆಟ್ಟವಳಾಗಿದ್ರೆ ನಂಗೆ ಸುಲಭ ಆಗ್ತಿತ್ತು” ಎನ್ನುತ್ತಾರೆ ಅಕ್ಕ.

ಹುಡುಗಿ ಅಳಲಿಲ್ಲ. ಹೊಸ್ತಿಲು ದಾಟುವಾಗ ತಿರುಗಿ ನಿಂತು ಒಂದೇ ಮಾತು ಹೇಳಿದಳು. ಅದನ್ನು ನನಗೆ ಹೇಳುವಾಗ ಅಕ್ಕನ ದನಿ ನೆಟ್ಟಗೇ ಇತ್ತು, ಕೈ ಮಾತ್ರ ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಜೋಡಿಸುತ್ತಿತ್ತು.

“‘ನನ್ನ ಕೇಳಲೇ ಇಲ್ಲ’ ಅಂದ್ಲು. ಅಷ್ಟೇ. ನಿಜ ತಾನೇ? ಇಲ್ಲಿಗೆ ಬರೋ ಎಲ್ಲರನ್ನೂ ‘ನಿಮಗೇನಾಗ್ಬೇಕು’ ಅಂತ ಕೇಳ್ತೀನಿ. ಅವಳನ್ನ ಕೇಳ್ಲಿಲ್ಲ. ಕೋರ್ಟಲ್ಲಿ ಯಾರೋ ಕೇಳೋದು ಬೇಡ ಅಂತ ಅಷ್ಟೆಲ್ಲ ಮಾಡಿದೆ, ನಾನೇ ಕೇಳೋದು ಮರೆತೆ. ಅವಳು ದೊಡ್ಡಮ್ಮ ಬೇಕು ಅಂದ್ಬಿಟ್ರೆ ಕಳಿಸೋಕಾಗಲ್ಲ ಅಂತ ಹೆದರಿಕೆ ಇತ್ತೋ ಏನೋ.”

ಮೊದಲ ವರ್ಷ ಹುಡುಗಿ ಫೋನಿಗೇ ಬರಲಿಲ್ಲ. ಅಪ್ಪ ಫೋನು ಕೈಗೆ ಕೊಟ್ಟರೆ ಇಟ್ಟು ಹೋಗುತ್ತಿದ್ದಳು. ರಜೆಗೆ ಬಂದಾಗ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಆಮೇಲೆ ಅಲ್ಲಿ ಒಬ್ಬ ತಮ್ಮ ಹುಟ್ಟಿದ, ಗೆಳತಿಯರಾದರು, ಓದು ಹೆಚ್ಚಾಯಿತು, ರಜೆಗೆ ಬರುವುದು ತಪ್ಪಿತು. ಖಾಲಿ ಮನೆಯಲ್ಲಿ ಬೆಳಗಿನ ಹೊತ್ತು ಕಳೆಯುವುದು ಅಕ್ಕನಿಗೆ ಕಷ್ಟವಾಯಿತು. ಬೆಳಕಾಗುವ ಮೊದಲೇ ಎದ್ದು ಕೋರ್ಟಿಗೆ ಬರತೊಡಗಿದರು. ಮೆಟ್ಟಿಲ ಮೇಲೆ ಜನ ಚಳಿಯಲ್ಲಿ ಕಾಯುತ್ತಾರೆಂದು ಅವರಿಗೆ ಗೊತ್ತಾದದ್ದೇ ಆಗ.

ನಾನು ಹೋದ ದಿನ ಸಾಲಿನ ಕೊನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮಗಳು ತೀರಿಕೊಂಡಿದ್ದಾಳೆ, ಮೊಮ್ಮಗ ತಮ್ಮ ಬಳಿಯೇ ಬೆಳೆದಿದ್ದಾನೆ, ಈಗ ಅಳಿಯ ಕರೆದೊಯ್ಯುತ್ತೇನೆ ಎನ್ನುತ್ತಿದ್ದಾನೆ. ಅಕ್ಕ ಅವಸರ ಮಾಡಲಿಲ್ಲ. ತಂದೆಯ ಹಕ್ಕು, ಮಗುವಿನ ಹಿತ, ಕೇಸು ನಡೆಯುವ ಕಾಲ, ಎಲ್ಲವನ್ನೂ ಬಿಡಿಸಿ ಹೇಳಿದರು. ತಮ್ಮ ಕಥೆಯನ್ನು ಮಾತ್ರ ಎತ್ತಲಿಲ್ಲ.

“ಅಳಿಯ ಕೆಟ್ಟವನಾ ಅಜ್ಜಿ?”

“ಕೆಟ್ಟವನಲ್ಲ ಕಣಮ್ಮಾ. ಆದ್ರೆ ಕೂಸು ನನ್ನ ಬಿಟ್ಟು ನಿದ್ದೆ ಮಾಡಲ್ಲ.”

“ಹಾಗಾದ್ರೆ ಕೇಸಿನ ಮಾತು ಈಗ ಬೇಡ. ಮೊದಲು ಮನೇಲಿ ಹುಡುಗನ್ನ ಕೂರಿಸ್ಕೊಂಡು ಕೇಳಿ. ಅಪ್ಪನೂ ಇರ್ಲಿ, ನೀವೂ ಇರಿ. ಅವನೇನು ಹೇಳ್ತಾನೋ ಪೂರ್ತಿ ಕೇಳಿಸ್ಕೊಳ್ಳಿ. ನಿಮಗೆ ಬೇಜಾರಾಗೋದನ್ನೇ ಹೇಳಿದ್ರೂ ಕೇಳಿಸ್ಕೊಳ್ಳಿ. ಆಮೇಲೆ ಬನ್ನಿ, ಮುಂದೇನು ಅಂತ ನೋಡೋಣ.”

ಅಜ್ಜಿ ಅಕ್ಕನ ಕೈಯನ್ನು ಕಣ್ಣಿಗೊತ್ತಿಕೊಂಡು ಹೋದರು. ಈ ಸಲಹೆ ಯಾವ ಕಾನೂನಿನ ಪುಸ್ತಕದಲ್ಲಿದೆ ಎಂದು ಕೇಳಿದೆ. “ಯಾವುದ್ರಲ್ಲೂ ಇಲ್ಲ. ನಾನೇ ಸೇರಿಸ್ಕೊಂಡಿದ್ದು” ಎಂದರು.

ಊಟದ ಹೊತ್ತಿಗೆ ಫೋನು ಬಂತು. ಹುಡುಗಿ ಈಗ ಕಾಲೇಜು ಸೇರಿದ್ದಾಳೆ, ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ. ಫೋನಿನ ದನಿ ನನಗೂ ಕೇಳುತ್ತಿತ್ತು. ಹೇಗಿದ್ದೀರಾ ದೊಡ್ಡಮ್ಮ, ನಿಮ್ಮ ಮಂಡಿ ನೋವು ಹೇಗಿದೆ, ಮಾತ್ರೆ ತಗೊಳ್ತಿದ್ದೀರಾ. ಚೊಕ್ಕ ಮಾತು. ಅಕ್ಕ ಎಲ್ಲದಕ್ಕೂ ಹೂಂ ಪುಟ್ಟಾ, ಹೂಂ ಪುಟ್ಟಾ ಎಂದರು. ಫೋನು ಇಟ್ಟ ಮೇಲೆ ಡಬ್ಬಿಯ ಮುಚ್ಚಳ ಹಾಕಿದರು. ಊಟ ಅರ್ಧಕ್ಕೇ ಉಳಿದಿತ್ತು.

“ಕೇಳಿಸ್ಕೊಂಡ್ರಾ? ‘ಹೇಗಿದ್ದೀರಾ’ ಅಂತಾಳೆ. ಮೊದಲೆಲ್ಲ ನನ್ನ ‘ನೀನು’ ಅಂತಿದ್ಲು. ಬಾ ದೊಡ್ಡಮ್ಮ, ಹೋಗು ದೊಡ್ಡಮ್ಮ, ನಿಂಗೇನೂ ಗೊತ್ತಾಗಲ್ಲ ಅಂತಿದ್ಲು. ಈಗ ‘ನೀವು’. ದೊಡ್ಡವರಿಗೆ ಮರ್ಯಾದೆ ಕೊಡೋದು ಕಲಿಸಿದ್ದಾರೆ. ಒಳ್ಳೇದೇ. ಒಳ್ಳೆ ಹುಡುಗಿಯಾಗಿ ಬೆಳೆದಿದ್ದಾಳೆ.”

ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದೆ. ಕೆಲಸ ಕಾಯಂ ಆಗಬೇಕು ಎನ್ನಬಹುದು, ಕೋಣೆ ದೊಡ್ಡದಾಗಬೇಕು ಎನ್ನಬಹುದು ಎಂದುಕೊಂಡಿದ್ದೆ.

“ಒಂದು ಸಲ ಬಂದು ನನ್ನ ಜೊತೆ ಜಗಳ ಆಡ್ಲಿ. ಯಾಕೆ ಕಳಿಸಿದೆ ಅಂತ ಬಾಯಿಗೆ ಬಂದ ಹಾಗೆ ಬೈಲಿ. ಸಿಟ್ಟು ಬಂದಾಗ ‘ನೀವು’ ಅನ್ನೋಕೆ ಯಾರ ಕೈಲೂ ಆಗಲ್ಲ ನೋಡಿ.”