ಹಳದಿ ಡಬ್ಬಿ ಆರಿಸಿದವರು ಯಾರು

ನನ್ನ ತಂಗಿ ತಾನಾಗಿಯೇ ಅಗ್ಗದ್ದನ್ನು ಆರಿಸಿಕೊಂಡಳು ಎಂಬ ಮಾತು ನಮ್ಮ ಬಳಗದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಕಮಲಾಪುರದ ನಮ್ಮ ಮನೆಗೆ ಯಾರೇ ಬರಲಿ, ಗೋಡೆಯ ಮೇಲಿನ ಅವಳ ಫೋಟೋ ನೋಡಿ, ಕೆಳಗಿನ ಗೂಡಿನಲ್ಲಿಟ್ಟ ಹಳದಿ ಆಟದ ಡಬ್ಬಿ ನೋಡಿ, ಅದನ್ನೇ ಹೇಳುತ್ತಾರೆ. "ಎಷ್ಟು ತಿಳುವಳಿಕಿ ಇತ್ತರೀ ಕೂಸಿಗೆ. ಅಪ್ಪಗ ತ್ರಾಸ ಆಗಬಾರದಂತ ಕಡಿಮಿದ್ದೇ ಸಾಕಂದಳು." ಅಪ್ಪ ತಲೆ ಆಡಿಸುತ್ತಾರೆ. ಅವ್ವ ಚಹಾದ ನೆಪ ಮಾಡಿ ಒಳಗೆ ಹೋಗುತ್ತಾಳೆ.

ನಾನು ಒಪ್ಪುವುದಿಲ್ಲ. ಸತ್ತವರು ಎದ್ದು ಬಂದು ಪ್ರತಿವಾದ ಮಾಡಲಾರರು ಎಂಬ ಒಂದೇ ಧೈರ್ಯದ ಮೇಲೆ ಅವರ ಬಾಯಲ್ಲಿ ಮಾತು ಇಡಬಾರದು. ಅವಳು ಆರಿಸಲಿಲ್ಲ. ಅವಳು ಒಂದು ಚರ್ಚೆ ಗೆದ್ದಳು. ನಮ್ಮ ಮನೆಯಲ್ಲಿ ಅವೆರಡಕ್ಕೂ ಸಂಬಂಧವೇ ಇರಲಿಲ್ಲ.

ಅಪ್ಪ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಒಂದು ಬೇಳೆಕಾಳಿನ ಅಂಗಡಿಯಲ್ಲಿ ಗುಮಾಸ್ತರು. ಶಾಲೆಯಲ್ಲಿದ್ದಾಗ ಚರ್ಚಾ ಸ್ಪರ್ಧೆಯಲ್ಲಿ ಕಪ್ ಗೆದ್ದವರು. ಆ ಕಪ್ಪಿನಲ್ಲಿ ಈಗ ಚಮಚೆಗಳಿವೆ. ಇಬ್ಬರು ಹೆಣ್ಣುಮಕ್ಕಳು ಜಗಳಕ್ಕೆ ಬಿದ್ದರೆ ಅವರು ಬೈಯುತ್ತಿರಲಿಲ್ಲ. ಗಂಜಿನಿಂದ ಬಂದ ಅಂಗಿಯ ಕಿಸೆಯಲ್ಲಿ ಯಾವಾಗಲೂ ನಾಲ್ಕು ತೊಗರಿ ಕಾಳು ಉಳಿದಿರುತ್ತಿದ್ದವು. ಒಂದನ್ನು ಮುಷ್ಟಿಯಲ್ಲಿ ಬಚ್ಚಿಟ್ಟು ಎರಡೂ ಕೈ ಮುಂದೆ ಚಾಚುತ್ತಿದ್ದರು. ಸಣ್ಣವಳಾದ್ದರಿಂದ ತಂಗಿ ಒಂದು ಕೈ ಮುಟ್ಟಬೇಕು. ಕಾಳು ಸಿಕ್ಕರೆ ಅವಳು ವಿಷಯದ ಪರ, ನಾನು ವಿರೋಧ. ಖಾಲಿ ಕೈ ಸಿಕ್ಕರೆ ಅದಲು ಬದಲು. ಮನಸ್ಸಿನಲ್ಲಿ ಏನೇ ಇರಲಿ, ಬಂದ ಪಕ್ಷಕ್ಕೇ ವಾದಿಸಬೇಕು. ಮೋಸ ಅನ್ನಬಾರದೆಂದು ಅಪ್ಪ ಕೊನೆಗೆ ಎರಡೂ ಅಂಗೈ ಬಿಚ್ಚಿ ತೋರಿಸುತ್ತಿದ್ದರು. ತೀರ್ಪು ಅವರದು. ಗೆದ್ದ ವಾದ ಏನು ಹೇಳುತ್ತದೋ ಮನೆಯಲ್ಲಿ ಅದೇ ನಡೆಯುತ್ತಿತ್ತು.

ನಾನು ಕಾಲೇಜಿನಲ್ಲಿ ಬಹುಮಾನ ತಂದದ್ದು ಈ ತಾಲೀಮಿನಿಂದಲೇ. ಆದರೂ ತಂಗಿ ನನಗಿಂತ ಜೋರು. ನಾನು ಅಂಶ ಕೂಡಿಸುತ್ತಿದ್ದೆ; ಅವಳು ನನ್ನ ಅಂಶವನ್ನೇ ಎತ್ತಿಕೊಂಡು ನನ್ನ ಕಡೆಗೆ ತಿರುಗಿಸುತ್ತಿದ್ದಳು. ಯಾವ ಪಕ್ಷ ಬಂದರೂ ಅವಳೇ ಗೆಲ್ಲುತ್ತಾಳೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವಳ ಮೈಗೆ ಸಾಕಾಗುವಷ್ಟು ರಕ್ತ ತಾನೇ ತಯಾರಾಗುತ್ತಿರಲಿಲ್ಲ. ಕೂಸಿದ್ದಾಗಿನಿಂದ ಕೆಲವು ವಾರಕ್ಕೊಮ್ಮೆ ಕಲಬುರಗಿಯ ದವಾಖಾನೆಗೆ ಹೋಗಿ ಏರಿಸಿಕೊಂಡು ಬರಬೇಕು. ಅರ್ಧ ದಿನ ಮಲಗಿ ಫ್ಯಾನು ನೋಡುವುದು. ಅಪ್ಪನ ಫೋನಿಗೆ ಗಂಜಿನ ಕರೆ ಮುಗಿಯುತ್ತಿರಲಿಲ್ಲ. ಅವ್ವನ ಫೋನಿನ ಗಾಜು ಒಡೆದಿತ್ತು, ಆಟ ಶುರುವಾದರೆ ನಡುನಡುವೆ ಜಾಹೀರಾತು, ಸಂಜೆಯೊಳಗೆ ಚಾರ್ಜ್ ಖಾಲಿ. ಒಂಬತ್ತನೇ ಇಯತ್ತೆಗೆ ಬಂದ ವರ್ಷ ತಂಗಿ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ ಕೇಳಿದಳು. ಅದಕ್ಕೆ ಮೊದಲು ಅವಳು ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ.

ಹುಡುಕುವ ಕೆಲಸ ನನ್ನದಾಯಿತು. ವಿಡಿಯೊ ನೋಡಿದೆ, ಕೊಂಡವರ ಅಭಿಪ್ರಾಯ ಓದಿದೆ. ನಮ್ಮ ಕೈಗೆ ಎಟುಕದವನ್ನು ಬಿಟ್ಟರೆ ಉಳಿದದ್ದು ಎರಡೇ, ಎರಡೂ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದವು. ತಂಗಿಯನ್ನೂ ಕರೆದುಕೊಂಡು ಹೋದೆ. ಒಂದು ಹೊಸದು, ಹಳದಿ ಪ್ಲಾಸ್ಟಿಕ್ಕಿನದು. "ಲೇಲೋ ಬೇಟಾ, ಇದ್ರಾಗ ನಾನೂರ ಆಟ ಅವ," ಎಂದ ಅಂಗಡಿಯವನು. ಒಂದೇ ಆಟಕ್ಕೆ ಹತ್ತು ಹೆಸರು ಇಟ್ಟಿದ್ದಾರೆಂದು ನಾನು ಅಲ್ಲೇ ತೋರಿಸಿಕೊಟ್ಟೆ. ಬಂದ್ ಮಾಡಿದರೆ ಆಡಿದ್ದೆಲ್ಲ ಹೋಗಿಬಿಡುತ್ತಿತ್ತು, ಮತ್ತೆ ಮೊದಲಿನಿಂದ. ಇನ್ನೊಂದು ಯಾರೋ ಬಳಸಿ ಮಾರಿದ್ದು, ಪರದೆಯ ಮೇಲೆ ಗೀರು, ಬೆಲೆ ಹೊಸದರ ದುಪ್ಪಟ್ಟಿಗೂ ಮೇಲೆ. ಆದರೆ ಅದರಲ್ಲಿ ಎಲ್ಲಿ ನಿಲ್ಲಿಸುತ್ತೇವೋ ಅಲ್ಲಿಂದಲೇ ಮುಂದೆ ಆಡಬಹುದಿತ್ತು.

ಅದರ ಒಂದು ಆಟದಲ್ಲಿ ತಂಗಿ ಸಣ್ಣ ಹೊಲದಲ್ಲಿ ಬೀಜ ಊರಿದಳು. ಮುಂದಿನ ಸಲ ಬಂದಾಗ ಮೊಳಕೆ ಬಂದಿರುತ್ತದೆ ಎಂದು ಅಂಗಡಿಯವನು ನಕ್ಕ. ವಾಪಸ್ ಬಸ್ಸಿನಲ್ಲಿ, ಕಪನೂರ ದಾಟಿದ ಮೇಲೆ, ಅವಳು ಕೇಳಿದಳು: "ಅಂವ ಅದನ್ನ ಅಳಸಂಗಿಲ್ಲಲ್ಲ, ಅಕ್ಕಾ?"

ಅವಳಿಗೆ ಬೇಕಾದದ್ದು ಯಾವುದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಮನೆಗೆ ಬಂದು ಎರಡರ ಸಂಗತಿಯನ್ನೂ ಹೇಳಿದೆ. ಅಪ್ಪ, ಚರ್ಚೆಗೆ ಇಡೋಣ ಎಂದರು. ವಿಷಯ: ಹೊಸ ಹಳದಿಯದನ್ನೇ ಕೊಳ್ಳಬೇಕು. ಮುಷ್ಟಿ ಚಾಚಿದರು. ತಂಗಿ ಎಡಗೈ ಮುಟ್ಟಿದಳು. ಬಿಚ್ಚಿದರು, ಕಾಳು ಇತ್ತು. ಬಲಗೈ ಮುಷ್ಟಿಯಾಗಿಯೇ ಕಿಸೆಗೆ ಹೋಯಿತು. ಫೋನ್ ತೆಗೆದು ಹೊತ್ತು ನೋಡಿ, ಶುರು ಮಾಡ್ರಿ ಎಂದರು.

"ವಕೀಲರೆಲ್ಲಾ ಉಂಡು ವಾದ ಮಾಡ್ರಿ, ರೊಟ್ಟಿ ಆರಾಕತ್ತಾವ," ಎಂದು ಅವ್ವ ಒಳಗಿನಿಂದ ಕೂಗಿದಳು. ಯಾರೂ ಏಳಲಿಲ್ಲ.

ನಾನು ಬಾಳಿಕೆ, ಗುಂಡಿಗಳ ಗಟ್ಟಿತನ, ಪರದೆ ಎಲ್ಲ ಹೇಳಿದೆ. ಕೊನೆಗೆ, ಪ್ರತಿ ಸಲ ಮೊದಲಿನಿಂದ ಶುರು ಮಾಡಿದರೆ ಆಟ ಎಂದೂ ಮುಗಿಯುವುದಿಲ್ಲ ಎಂದೆ. ಆ ಅಂಶವನ್ನೇ ಅವಳು ಎತ್ತಿಕೊಂಡಳು.

"ಮೊದಲನೇ ಹಂತ ನನಗ ಬಾಯಿಪಾಠ ಆಗಿರ್ತದ. ದಿನಾ ಮೊದಲಿಂದ ಆಡಿದ್ರ ದಿನಾ ಗೆಲ್ತೀನಿ. ದವಾಖಾನ್ಯಾಗ ಮಲಗಿದವಳಿಗೆ ಗೆಲ್ಲೋದು ಬೇಕು. ಮುಂದಿಂದು ಯಾರು ನೋಡ್ಯಾರ?"

ಅಪ್ಪ ಅವಳ ಪರ ತೀರ್ಪು ಕೊಟ್ಟರು. ಗೆದ್ದಾಗಲೆಲ್ಲ ನನ್ನ ಜಡೆ ಎಳೆಯುತ್ತಿದ್ದವಳು ಅವತ್ತು ಎಳೆಯಲಿಲ್ಲ. ತಾಟು ಹಾಕುವಾಗ ಮೆಲ್ಲಗೆ ಅಂದಳು: "ನೀ ಇನ್ನೊಂದೀಟು ಗಟ್ಟಿ ವಾದ ಮಾಡಬೇಕಿತ್ತು."

ಹಳದಿ ಡಬ್ಬಿ ಬಂತು. ಅವಳು ದೂರಲಿಲ್ಲ. ರಕ್ತ ಏರುವಷ್ಟು ಹೊತ್ತು ಮೊದಲನೇ ಹಂತ ಆಡುತ್ತಿದ್ದಳು, ಪರದೆ ನೋಡದೆಯೂ ಬೆರಳು ಓಡುತ್ತಿತ್ತು. ಮರುವರ್ಷದ ಚಳಿಗಾಲದಲ್ಲಿ ಜ್ವರ ಬಂತು, ಹೃದಯ ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಒಮ್ಮೆ ಆ ಅಂಗಡಿಯ ಮುಂದೆ ಹೋಗಿ ನಿಂತೆ. ಹಳೆಯ ಯಂತ್ರ ಯಾವಾಗಲೋ ಮಾರಿಹೋಗಿತ್ತು.

ಹೋದ ಭಾನುವಾರ ಸೋದರತ್ತೆ ಬಂದಿದ್ದಳು. ಅವಳ ಇಬ್ಬರು ಹೆಣ್ಣುಮಕ್ಕಳು ಹಳದಿ ಡಬ್ಬಿಗಾಗಿ ಕಿತ್ತಾಡಿದರು. ಅಪ್ಪ ಕಿಸೆ ತಡಕಿ, ಬಹಳ ದಿನದ ಮೇಲೆ, ಮುಷ್ಟಿ ಚಾಚಿದರು. ಸಣ್ಣವಳು ಒಂದನ್ನು ಮುಟ್ಟಿದಳು. ಅಪ್ಪ ಎರಡೂ ಅಂಗೈ ಬಿಚ್ಚಿ ತೋರಿಸಿದರು. ಒಂದರಲ್ಲಿ ಕಾಳು, ಒಂದು ಖಾಲಿ. ಅತ್ತೆ ಫೋಟೋದ ಕಡೆ ನೋಡಿ, ಎಂಥಾ ತಿಳುವಳಿಕಿ ಇತ್ತು ಅದಕ್ಕ ಎಂದು ಶುರು ಮಾಡಿದಳು. ಅಪ್ಪ ತಲೆ ಆಡಿಸಿದರು.

ನಾನು ಆ ಅಂಗೈಗಳನ್ನೇ ನೋಡುತ್ತಿದ್ದೆ. ಔಷಧಿ, ಸೂಜಿ, ಬಸ್ಸು ಎಲ್ಲವೂ ಅವರ ಒಂದು ಪಗಾರದ ಮೇಲೆ ನಡೆಯುತ್ತಿದ್ದವು, ಅದು ನನಗೆ ಗೊತ್ತಿಲ್ಲವೇ. ಆಗಂಗಿಲ್ಲವ್ವಾ ಎಂದಿದ್ದರೆ ಅವಳು ಆಯ್ತಪ್ಪಾ ಎನ್ನುತ್ತಿದ್ದಳು. ಅದನ್ನು ಅವಳ ಬಾಯಿಂದಲೇ ಹೇಳಿಸಬೇಕಿರಲಿಲ್ಲ. ಅಥವಾ ನಾನು ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿರಬಹುದು. ಸಾಕ್ಷಿ ಏನೂ ಇಲ್ಲ. ಅತ್ತೆಯನ್ನು ಬಸ್ಸಿಗೆ ಹತ್ತಿಸಿ ಬಂದು, ಅಪ್ಪ ಗೂಡಿನಲ್ಲಿ ಡಬ್ಬಿ ಇಡುತ್ತಿದ್ದಾಗ, ಕೇಳಿದೆ.

"ಅಪ್ಪಾ, ಅವತ್ತು ಇನ್ನೊಂದು ಕೈ ಯಾಕ ಬಿಚ್ಚಲಿಲ್ಲ?"